ಬೋಲ್ಡ್ ಮಾಡಿದ್ದೆಲ್ಲ ಶೀರ್ಷಿಕೆಯಲ್ಲ

ಅಚ್ಚಿಗೆ ಹೊರಟ ಕನ್ನಡ ಪುಸ್ತಕದ್ದೋ ವಿಶ್ವವಿದ್ಯಾಲಯಕ್ಕೆ ಸಲ್ಲಿಸಲಿರುವ ಮಹಾಪ್ರಬಂಧದ್ದೋ ವರ್ಡ್ ಕಡತವೊಂದನ್ನು ತೆರೆಯಿರಿ. ಪ್ಯಾರಾ ಗುರುತುಗಳು ಕಾಣುವಂತೆ ಮಾಡಿ. ಅಧ್ಯಾಯದ ಹೆಸರು ಪುಟದ ನಡುವೆ ಬಂದಿರುವುದು ಸ್ಪೇಸ್ ಬಾರ್ ಒತ್ತಿದ್ದರಿಂದ. ಮುಂದಿನ ಅಧ್ಯಾಯ ಹೊಸ ಪುಟಕ್ಕೆ ಇಳಿದಿರುವುದು ಸಾಲು ಸಾಲಾಗಿ ಒತ್ತಿದ ಎಂಟರ್‌ನಿಂದ. ಪರಿವಿಡಿಯಲ್ಲಿ ಹೆಸರಿಗೂ ಪುಟಸಂಖ್ಯೆಗೂ ನಡುವೆ ಇರುವ ಚುಕ್ಕಿಗಳನ್ನು ಒಂದೊಂದಾಗಿ ಕೂರಿಸಿದ್ದಾರೆ. 'ಚಿತ್ರ 3.4' ಎಂಬುದು ಕೈಯಾರೆ ಟೈಪಾಗಿದೆ. ಎರಡು ಪುಟ ಮುಂದೆ 'ಚಿತ್ರ 3.4 ನೋಡಿ' ಎಂಬುದೂ ಹಾಗೆಯೇ. ಪ್ರಿಂಟ್ ತೆಗೆದ ಕಾಗದದ ಮೇಲೆ ಇದೆಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಮಾರ್ಗದರ್ಶಕರು ಮೂರನೆಯ ಅಧ್ಯಾಯಕ್ಕೆ ಇನ್ನೊಂದು ಚಿತ್ರ ಸೇರಿಸಿ ಎಂದರೆ ಸಾಕು, ಅಲ್ಲಿಂದಾಚೆಗಿನ ಎಲ್ಲ ಸಂಖ್ಯೆ, ಎಲ್ಲ ಉಲ್ಲೇಖ, ಇಡೀ ಪರಿವಿಡಿ ತಪ್ಪಾಗುತ್ತವೆ. ಅದನ್ನು ಸರಿಪಡಿಸುವುದರಲ್ಲಿ ಸಂಶೋಧಕನ ಕೊನೆಯ ವಾರ ಕಳೆದುಹೋಗುತ್ತದೆ. ಆ ವಾರ ನಿಜವಾಗಿ ಸೇರಬೇಕಾದದ್ದು ಬರವಣಿಗೆಯನ್ನು ಮತ್ತೊಮ್ಮೆ ಓದಿ ತಿದ್ದುವುದಕ್ಕೆ.

ಬರೆಯುವ ತಂತ್ರಾಂಶಗಳೆಲ್ಲದರ ಅಡಿಯಲ್ಲಿರುವ ಪ್ರಶ್ನೆ ಒಂದೇ. ನಾವು ಯಂತ್ರಕ್ಕೆ ಹೇಳುತ್ತಿರುವುದು 'ಇದು ಹೀಗೆ ಕಾಣಲಿ' ಎಂದೋ, 'ಇದು ಇಂಥದ್ದು' ಎಂದೋ? ಒಂದು ಸಾಲನ್ನು ಹಿಡಿದು, ಹದಿನಾರು ಪಾಯಿಂಟ್ ಮಾಡಿ, ಬೋಲ್ಡ್ ಒತ್ತಿ, ನಡುವೆ ತಂದರೆ ಯಂತ್ರಕ್ಕೆ ಕಾಣುವುದು ದಪ್ಪ ಅಕ್ಷರದ ಒಂದು ಸಾಲು ಮಾತ್ರ. ಅದೇ ಸಾಲಿಗೆ 'ಅಧ್ಯಾಯ ಶೀರ್ಷಿಕೆ' ಎಂಬ ಸ್ಟೈಲ್ ಕೊಟ್ಟರೆ ಅದು ಏನು ಎಂಬುದು ಯಂತ್ರಕ್ಕೆ ತಿಳಿಯುತ್ತದೆ. ಪರಿವಿಡಿ, ಪುಟದ ತಲೆಬರಹ, ಚಿತ್ರಗಳ ಅನುಕ್ರಮ, ಇ-ಪುಸ್ತಕದ ಸೂಚಿ ಎಲ್ಲವೂ ಆ ತಿಳಿವಿನಿಂದಲೇ ಹುಟ್ಟುತ್ತವೆ. ಕನ್ನಡದ ಬರಹಗಾರರಲ್ಲಿ ಬಹುಪಾಲು ಮಂದಿ ಇಂದಿಗೂ ಮೊದಲ ದಾರಿಯಲ್ಲೇ ಇದ್ದಾರೆ. ಇದಕ್ಕೆ ಸೋಮಾರಿತನ ಕಾರಣವಲ್ಲ. ನಮ್ಮ ಹಳೆಯ ಫಾಂಟುಗಳು ಕಲಿಸಿದ ಭಯವೇ ಕಾರಣ ಎಂದು ನಾನು ನಂಬಿದ್ದೇನೆ. ಆ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು. ಈಗ ಇಲ್ಲ.

ಮೊಳೆ ಜೋಡಿಸುವ ಕಾಲದಲ್ಲಿ ಹಸ್ತಪ್ರತಿಯ ಅಂಚಿನಲ್ಲಿ ಸಂಪಾದಕರು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು: ಇದು ಶೀರ್ಷಿಕೆ, ಇದು ಉದ್ಧರಣೆ, ಇದು ಅಡಿಟಿಪ್ಪಣಿ. ಯಾವ ಮೊಳೆ, ಎಷ್ಟು ಜಾಗ ಎಂಬುದನ್ನು ಅಚ್ಚುಕೂಟ ನೋಡಿಕೊಳ್ಳುತ್ತಿತ್ತು. ಕಂಪ್ಯೂಟರ್ ಲೋಕ ಈ ಕೆಲಸ ಹಂಚಿಕೆಯನ್ನು ಬಹಳ ಬೇಗ ಅರ್ಥ ಮಾಡಿಕೊಂಡಿತು. 1969ರಲ್ಲಿ ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ ಸೇರಿ ರೂಪಿಸಿದ ಜಿಎಂಎಲ್ ಪಠ್ಯದ ಭಾಗಗಳಿಗೆ ಅವುಗಳ ಪಾತ್ರದ ಹೆಸರನ್ನೇ ಕೊಡುವ ಪದ್ಧತಿ. ಅದು ಬೆಳೆದು 1986ರಲ್ಲಿ ಎಸ್‌ಜಿಎಂಎಲ್ ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಇಂದಿನ ಎಚ್‌ಟಿಎಂಎಲ್ ಅದರದೇ ಸಂತಾನ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಬ್ರಯಾನ್ ರೀಡ್ 1980ರ ತಮ್ಮ ಪಿಎಚ್‌ಡಿಗಾಗಿ ಕಟ್ಟಿದ ಸ್ಕ್ರೈಬ್ ತಂತ್ರಾಂಶ ಬರಹವನ್ನೂ ಅದರ ರೂಪವನ್ನೂ ಸಂಪೂರ್ಣ ಬೇರ್ಪಡಿಸಿತು. ಜೆರಾಕ್ಸ್ ಸಂಸ್ಥೆಯ ಪಾರ್ಕ್ ಪ್ರಯೋಗಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್ ಜೊತೆ ಬ್ರಾವೊ ಎಂಬ ಬರವಣಿಗೆ ತಂತ್ರಾಂಶ ಮಾಡಿದ್ದ ಚಾರ್ಲ್ಸ್ ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅಲ್ಲಿ ಅವರ ಮುಂದಾಳತ್ವದಲ್ಲಿ ಸಿದ್ಧವಾದ ಡಾಸ್ ಕಾಲದ ವರ್ಡ್‌ನಲ್ಲೇ ಸ್ಟೈಲ್ ಶೀಟ್ ಇತ್ತು. ಅಂದರೆ ನಮ್ಮಲ್ಲಿ ಅನೇಕರು ಇಂದೂ ಮುಟ್ಟದ ಆ ಸೌಲಭ್ಯಕ್ಕೆ ನಾಲ್ಕು ದಶಕದ ವಯಸ್ಸು.

ಕನ್ನಡದ ಕಥೆ ಬೇರೆ ದಾರಿ ಹಿಡಿಯಿತು. ಬರಹ, ನುಡಿ, ಶ್ರೀಲಿಪಿ, ಆಕೃತಿ ಇವೆಲ್ಲ ಕನ್ನಡವನ್ನು ಕಂಪ್ಯೂಟರಿಗೆ ತಂದ ಮಹೋಪಕಾರಿಗಳು. ಬರಹ ಕೊಟ್ಟ ಶೇಷಾದ್ರಿವಾಸು ಚಂದ್ರಶೇಖರನ್, ನುಡಿ ಕೊಟ್ಟ ಕನ್ನಡ ಗಣಕ ಪರಿಷತ್ತು, ಕೀಲಿಮಣೆ ವಿನ್ಯಾಸ ಕೊಟ್ಟ ಕೆ.ಪಿ. ರಾವ್ ಅವರ ಋಣ ತೀರುವಂಥದ್ದಲ್ಲ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು, ಫಾಂಟನ್ನು ಬದಲಿಸಿ ನೋಡಿ. ದೊಡ್ಡ ಪಿ, ಮೇಲೆ ಗೀರುಳ್ಳ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಎ. ಯಂತ್ರದ ಲೆಕ್ಕದಲ್ಲಿ ಕಡತದೊಳಗೆ ಇರುವುದು ಈ ಏಳು ಚಿಹ್ನೆಗಳು ಮಾತ್ರ. ಅದು ಕನ್ನಡವಾಗಿ ಕಾಣುವುದು ಆ ಫಾಂಟ್ ಹೊದಿಸಿರುವಷ್ಟು ಹೊತ್ತು.

ಈಗ ಇಂಥ ಸಾಲಿಗೆ ವರ್ಡ್‌ನ 'ಹೆಡಿಂಗ್ 1' ಸ್ಟೈಲ್ ಕೊಟ್ಟರೆ ಏನಾಗುತ್ತದೆ? ಪ್ಯಾರಾದ ಅರ್ಧಕ್ಕಿಂತ ಹೆಚ್ಚು ಭಾಗಕ್ಕೆ ಕೈಯಾರೆ ಹಾಕಿದ ಫಾಂಟ್ ಇದ್ದರೆ ಹೊಸ ಸ್ಟೈಲ್ ಅದನ್ನು ತೆಗೆದುಹಾಕಿ ತನ್ನ ಫಾಂಟನ್ನು ತರುತ್ತದೆ. ಶೀರ್ಷಿಕೆ ಪೂರ್ತಿ ನುಡಿ ಫಾಂಟಿನಲ್ಲೇ ಇರುವುದರಿಂದ ಒಂದೇ ಕ್ಲಿಕ್ಕಿಗೆ ಕನ್ನಡ ಮಾಯವಾಗಿ ಗೀರು ಚಿಹ್ನೆಗಳ ಸಾಲು ಕಾಣುತ್ತದೆ. ಹೆಡಿಂಗ್ ಸ್ಟೈಲ್‌ನ ಫಾಂಟನ್ನೇ ಬದಲಿಸಿಕೊಂಡ ಜಾಣರಿಗೂ ಬಿಡುಗಡೆ ಇರಲಿಲ್ಲ: ಪರಿವಿಡಿಗೆ ಅದರದೇ ಬೇರೆ ಸ್ಟೈಲ್ ಇರುವುದರಿಂದ ಅಲ್ಲಿ ಮತ್ತೆ ಅದೇ ಗೋಜಲು. ಎಡಬದಿಯ ನ್ಯಾವಿಗೇಶನ್ ಪಟ್ಟಿಯಲ್ಲಂತೂ ಕನ್ನಡ ಬರುವ ಸಾಧ್ಯತೆಯೇ ಇರಲಿಲ್ಲ. ಆಟೋಕರೆಕ್ಟ್ ಇನ್ನೊಂದು ಕಾಟ. ವಾಕ್ಯದ ಮೊದಲಕ್ಷರ ದೊಡ್ಡದಾಗಲಿ ಎಂದು ಅದು ಸಣ್ಣ ಕ್ಯೂ ಅನ್ನು ದೊಡ್ಡ ಕ್ಯೂ ಮಾಡಿದರೆ ನುಡಿಯಲ್ಲಿ ಡಕಾರ ಹೋಗಿ 'ಕಿ' ಬಂದು ಕೂರುತ್ತದೆ; ವಾಕ್ಯದ ಆರಂಭದ 'ಡಾ.' ಕೆಡುತ್ತದೆ. ಅಕಾರಾದಿ ಕ್ರಮದಲ್ಲಿ ಪದಸೂಚಿ ಜೋಡಿಸಲು ಹೇಳಿದರೆ ವರ್ಡ್ ಪೌಂಡ್ ಚಿಹ್ನೆಗಳ ಕ್ರಮದಲ್ಲಿ ಜೋಡಿಸಿ ಕೊಡುತ್ತಿತ್ತು.

ಇಂಥ ಅನುಭವದಲ್ಲಿ ಪಳಗಿದ ಡಿಟಿಪಿ ಕೆಲಸಗಾರರು ಒಂದು ಪಾಠ ಕಲಿತರು: ಸ್ಟೈಲ್ ಮುಟ್ಟಬೇಡಿ, ಎಲ್ಲವನ್ನೂ ಕೈಯಾರೆ ಮಾಡಿ. ಅವರಿಂದ ಅದನ್ನು ಲೇಖಕರು ಕಲಿತರು, ಲೇಖಕರಿಂದ ವಿದ್ಯಾರ್ಥಿಗಳು. ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶ ಯುನಿಕೋಡನ್ನು, ಅಂದರೆ ಪ್ರತಿ ಲಿಪಿಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಪದ್ಧತಿಯನ್ನು, ಅರಿಯದು. ನಮ್ಮ ಮುದ್ರಣಾಲಯಗಳು ಅದನ್ನೇ ಬಹಳ ಕಾಲ ನೆಚ್ಚಿಕೊಂಡಿದ್ದರಿಂದ ಈ ಪಾಠ ಇನ್ನಷ್ಟು ಬೇರೂರಿತು. ಹಳೆಯ ಫಾಂಟಿನ ಕಾಲಕ್ಕೆ ಅದು ಸರಿಯಾದ ಪಾಠವೇ. ದುಃಖದ ಸಂಗತಿ ಎಂದರೆ ಫಾಂಟ್ ಹೋಗಿಯೂ ಪಾಠ ಉಳಿದುಕೊಂಡಿದೆ. ಯುನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಬಂತು. ಇಂದು ನಿರ್ಮಲಾ, ನೋಟೊ, ಗುಬ್ಬಿ, ನವಿಲು, ತಿರೊ ಎಂದು ಆಯ್ಕೆಗಳಿವೆ. ಯುನಿಕೋಡ್ ಪಠ್ಯಕ್ಕೆ ಯಾವ ಸ್ಟೈಲ್ ಕೊಟ್ಟರೂ ಕನ್ನಡ ಕನ್ನಡವಾಗಿಯೇ ಇರುತ್ತದೆ; ಬದಲಾಗುವುದು ಅಂದ ಮಾತ್ರ.

ಹಾಗೆಂದು ಎಲ್ಲ ಸಲೀಸು ಎನ್ನುವಂತಿಲ್ಲ. ಯುನಿಕೋಡ್‌ಗೆ ಬಂದವರು ಸ್ಟೈಲ್ ಬಳಸಲು ಹೊರಟಾಗ ಎಡವುವ ಮೊದಲ ಕಲ್ಲು ವರ್ಡ್‌ನ ಇಬ್ಬಗೆಯ ಫಾಂಟ್ ವ್ಯವಸ್ಥೆ. ವರ್ಡ್ ಲ್ಯಾಟಿನ್ ಅಕ್ಷರಗಳಿಗೆ ಒಂದು ಫಾಂಟ್ ಮತ್ತು ಅಳತೆ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್' ಎಂದು ಅದು ಕರೆಯುವ ಲಿಪಿಗಳಿಗೆ ಇನ್ನೊಂದು ಫಾಂಟ್ ಮತ್ತು ಅಳತೆ ಇಟ್ಟುಕೊಳ್ಳುತ್ತದೆ. ಕನ್ನಡ ಎರಡನೆಯ ಗುಂಪಿನದು. ಸ್ಟೈಲ್ ತಿದ್ದುವ ಕಿಟಕಿಯಲ್ಲಿ ಮೇಲೆಯೇ ಕಾಣುವ ಜಾಗದಲ್ಲಿ ಅಳತೆಯನ್ನು 18ಕ್ಕೆ ಏರಿಸಿದವರು, ಇಂಗ್ಲಿಷ್ ಪದಗಳು ಮಾತ್ರ ದೊಡ್ಡದಾಗಿ ಕನ್ನಡ ಅಲ್ಲೇ ಉಳಿದದ್ದನ್ನು ಕಂಡು ಸ್ಟೈಲ್ ಕೆಲಸ ಮಾಡುವುದಿಲ್ಲ ಎಂದು ಕೈಬಿಡುತ್ತಾರೆ. ಅದೇ ಕಿಟಕಿಯ 'ಫಾರ್ಮ್ಯಾಟ್' ಗುಂಡಿಯಿಂದ 'ಫಾಂಟ್' ತೆರೆದು, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬಲ್ಲಿ ಕನ್ನಡ ಫಾಂಟ್ ಮತ್ತು ಅಳತೆ ಎರಡನ್ನೂ ತುಂಬಬೇಕು. ಲಿಬ್ರೆ ಆಫೀಸ್‌ನಲ್ಲಿ ಇದೇ ವಿಷಯ ಹೆಚ್ಚು ಬಯಲಾಗಿದೆ: ಆಯ್ಕೆಗಳ ಭಾಷಾ ವಿಭಾಗದಲ್ಲಿ 'ಸಿಟಿಎಲ್' ಎಂಬುದಕ್ಕೆ ಗುರುತು ಹಾಕಿ ಕನ್ನಡ ಆರಿಸಿದರೆ, ಅಕ್ಷರದ ಕಿಟಕಿಯಲ್ಲಿ ಪಾಶ್ಚಾತ್ಯ ಲಿಪಿಗೂ ಕನ್ನಡಕ್ಕೂ ಬೇರೆ ಬೇರೆ ಮನೆಗಳು ಕಾಣುತ್ತವೆ. ಈ ಇಬ್ಬಗೆ ತೊಡಕೂ ಹೌದು, ವರವೂ ಹೌದು. ಭಾಷಾವಿಜ್ಞಾನದ, ವೈದ್ಯಕೀಯದ ಪುಸ್ತಕಗಳಲ್ಲಿ ಇಂಗ್ಲಿಷ್ ಪದಗಳು ಹೆಜ್ಜೆಹೆಜ್ಜೆಗೆ ಬರುತ್ತವೆ. ಅಲ್ಲಿ ಕನ್ನಡ 13 ಪಾಯಿಂಟ್, ಇಂಗ್ಲಿಷ್ 11 ಪಾಯಿಂಟ್ ಎಂದು ಒಂದೇ ಸ್ಟೈಲಿನಲ್ಲಿ ಇಟ್ಟರೆ ಸಾಲು ಸಮನಾಗಿ ಕಾಣುತ್ತದೆ.

ಎರಡನೆಯದು ಸಾಲುಗಳ ನಡುವಿನ ಅಂತರ. ಎಷ್ಟೋ ಸಂಸ್ಥೆಗಳ ಪ್ರಬಂಧ ನಿಯಮಗಳು ಇಂಗ್ಲಿಷಿಗಾಗಿ ಬರೆದವು. ಅಲ್ಲಿನ ಅಂತರದ ಸಂಖ್ಯೆಯನ್ನು 'ಎಕ್ಸಾಕ್ಟ್‌ಲಿ' ಎಂಬ ಆಯ್ಕೆಯಲ್ಲಿ ತುಂಬಿದರೆ ಕನ್ನಡದ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. 'ರಾಷ್ಟ್ರ', 'ಸ್ತ್ರೀ', 'ವ್ಯಕ್ತಿತ್ವ' ಎಂಬ ಪದಗಳನ್ನು ಬರೆದು ಪರೀಕ್ಷಿಸಿ. ಕೆಳಗಿನ ಒತ್ತು ಮುಂದಿನ ಸಾಲಿನ ತಲೆಗಟ್ಟಿಗೆ ತಾಗದೆ, ಕತ್ತರಿಸದೆ ಪೂರ್ತಿ ಕಾಣಬೇಕು. 'ಮಲ್ಟಿಪಲ್' ಇಲ್ಲವೇ 'ಅಟ್ ಲೀಸ್ಟ್' ಆಯ್ಕೆ ಇದಕ್ಕೆ ಸುರಕ್ಷಿತ. ಇಟಾಲಿಕ್ ಕೂಡ ಅಷ್ಟೇ. ಹೆಚ್ಚಿನ ಕನ್ನಡ ಫಾಂಟುಗಳಿಗೆ ನಿಜವಾದ ಇಟಾಲಿಕ್ ಇಲ್ಲ, ತಂತ್ರಾಂಶ ಅಕ್ಷರವನ್ನು ಬಲವಂತವಾಗಿ ಓರೆ ಮಾಡುತ್ತದೆ. ವರ್ಡ್‌ನ ಸಿದ್ಧ ಸ್ಟೈಲ್‌ಗಳಲ್ಲಿ 'ಕೋಟ್', 'ಎಂಫಸಿಸ್', 'ಕ್ಯಾಪ್ಶನ್' ಮೂರಕ್ಕೂ ಈ ಓರೆ ಬರುತ್ತದೆ. ಕನ್ನಡ ಕಡತದಲ್ಲಿ ನಾನು ಮೊದಲು ಮಾಡುವ ಕೆಲಸ ಆ ಮೂರರಿಂದಲೂ ಇಟಾಲಿಕ್ ತೆಗೆಯುವುದು.

ಸ್ಟೈಲ್‌ಗಳ ಹೆಸರು ನೋಟವನ್ನಲ್ಲ, ಕೆಲಸವನ್ನು ಹೇಳಬೇಕು. 'ನೀಲಿ ದಪ್ಪ' ಎಂದು ಹೆಸರಿಟ್ಟರೆ ಪ್ರಕಾಶಕರು ಕಪ್ಪು ಬೇಕೆಂದ ದಿನ ಆ ಹೆಸರೇ ಸುಳ್ಳಾಗುತ್ತದೆ. ಕನ್ನಡದ ಪುಸ್ತಕಕ್ಕೆ ಬೇಕಾದ ಸ್ಟೈಲ್‌ಗಳು ಪರದೇಶದ ಟೆಂಪ್ಲೇಟಿನಲ್ಲಿ ಸಿಗುವುದೂ ಇಲ್ಲ. ವಚನ ಸಾಹಿತ್ಯದ ಅಧ್ಯಯನಕ್ಕೆ 'ವಚನ' ಎಂಬ ಪ್ಯಾರಾ ಸ್ಟೈಲ್ ಬೇಕು: ಎರಡೂ ಕಡೆ ಒಳಸರಿದು, ವಚನವೊಂದು ಎರಡು ಪುಟಕ್ಕೆ ಹರಿದುಹೋಗದಂತೆ ಕಟ್ಟಿದ್ದು. ಶಾಸನ ಪಾಠಕ್ಕೆ ಸಾಲುಸಂಖ್ಯೆ ಉಳಿಸುವ ಇನ್ನೊಂದು. ನಾಟಕಕ್ಕೆ ಪಾತ್ರದ ಹೆಸರಿಗೊಂದು, ರಂಗಸೂಚನೆಗೊಂದು. ಹಳಗನ್ನಡ ಪದ್ಯಕ್ಕೆ ಱ, ೞ ಎರಡೂ ಚೆನ್ನಾಗಿ ಮೂಡುವ ಫಾಂಟನ್ನು ಒಂದು ಅಕ್ಷರ ಸ್ಟೈಲಿನೊಳಗೆ ಇಟ್ಟರೆ ಆಮೇಲೆ ಆ ಬಗ್ಗೆ ಯೋಚಿಸಬೇಕಿಲ್ಲ. ಪ್ಯಾರಾ ಸ್ಟೈಲ್‌ಗಳನ್ನೆಲ್ಲ 'ನಾರ್ಮಲ್' ಮೇಲೆ ನೇರವಾಗಿ ಕಟ್ಟದೆ, ಎಲ್ಲಕ್ಕೂ ತಾಯಿಯಾಗಿ 'ಮೂಲಪಠ್ಯ' ಎಂಬ ಒಂದು ಸ್ಟೈಲ್ ಮಾಡಿ ಅದರ ಮೇಲೆ ಕಟ್ಟುವುದು ಲೇಸು. ಪುಸ್ತಕದ ಫಾಂಟ್ ಬದಲಿಸಬೇಕಾದಾಗ ತಾಯಿಯೊಂದನ್ನು ತಿದ್ದಿದರೆ ಮಕ್ಕಳೆಲ್ಲ ಬದಲಾಗುತ್ತವೆ.

ಎಚ್ಚರ ಬೇಕಾದ ಒಂದೆರಡು ಜಾಗಗಳಿವೆ. ವರ್ಡ್‌ನ ಸ್ಟೈಲ್ ಕಿಟಕಿಯ ಕೆಳಗೆ 'ಆಟೊಮ್ಯಾಟಿಕಲಿ ಅಪ್‌ಡೇಟ್' ಎಂಬ ಚೌಕವಿದೆ. ಅದಕ್ಕೆ ಗುರುತು ಬಿದ್ದಿದ್ದರೆ ಒಂದು ಪ್ಯಾರಾದಲ್ಲಿ ಮಾಡಿದ ಬದಲಾವಣೆ ಆ ಸ್ಟೈಲ್ ಇರುವ ಎಲ್ಲ ಪ್ಯಾರಾಗಳಿಗೂ ಹಬ್ಬುತ್ತದೆ. ಇದ್ದಕ್ಕಿದ್ದಂತೆ ಇಡೀ ಪುಸ್ತಕ ಬೋಲ್ಡ್ ಆಯಿತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಇನ್ನೊಂದು, ಬೇರೆಡೆಯಿಂದ ನಕಲು ಮಾಡಿ ಅಂಟಿಸುವುದು. ಅಂಟಿಸಿದ ಪಠ್ಯ ತನ್ನ ಊರಿನ ಸ್ಟೈಲ್‌ಗಳನ್ನೂ ಹೊತ್ತು ತರುತ್ತದೆ, ಅವು ನಿಮ್ಮ ಪಟ್ಟಿಯಲ್ಲಿ ತುಂಬಿಕೊಳ್ಳುತ್ತವೆ. ಪಠ್ಯವನ್ನು ಮಾತ್ರ ಉಳಿಸಿಕೊಳ್ಳುವ ಆಯ್ಕೆಯನ್ನು ವರ್ಡ್‌ನ ಅಡ್ವಾನ್ಸ್‌ಡ್ ಆಯ್ಕೆಗಳಲ್ಲಿ ಕಾಯಂ ಮಾಡಿಟ್ಟರೆ ಈ ಕಸ ಬರುವುದೇ ಇಲ್ಲ. ಈಗಾಗಲೇ ಕೈಯಾರೆ ಹಾಕಿದ ರೂಪಗಳನ್ನು ಕಳಚಲು ಪಠ್ಯವನ್ನು ಹಿಡಿದು ಕಂಟ್ರೋಲ್ ಜೊತೆ ಸ್ಪೇಸ್, ಆಮೇಲೆ ಕಂಟ್ರೋಲ್ ಜೊತೆ ಕ್ಯೂ ಒತ್ತಬೇಕು: ಮೊದಲನೆಯದು ಅಕ್ಷರದ್ದನ್ನು, ಎರಡನೆಯದು ಪ್ಯಾರಾದ್ದನ್ನು ತೊಳೆಯುತ್ತದೆ. ಲಿಬ್ರೆ ಆಫೀಸ್‌ನಲ್ಲಿ ಕಂಟ್ರೋಲ್ ಜೊತೆ ಎಂ ಒತ್ತಿದರೆ ಸಾಕು. ಹಳೆಯ ನುಡಿ ಕಡತದ ಮೇಲೆ ಮಾತ್ರ ಇದನ್ನು ಮಾಡಬಾರದು. ಅದನ್ನು ಮೊದಲು ಪರಿವರ್ತಕದಿಂದ ಯುನಿಕೋಡ್‌ಗೆ ತಂದು, ಅರ್ಕಾವತ್ತು ಮತ್ತು ಒತ್ತುಗಳನ್ನು ಕಣ್ಣಿಟ್ಟು ಓದಿದ ಮೇಲೆಯೇ ಸ್ಟೈಲ್ ಕೆಲಸ.

ಇನ್ನು ಲೇಬಲ್‌ಗಳು. ಚಿತ್ರ, ಕೋಷ್ಟಕ, ನಕ್ಷೆ ಇವುಗಳ ಕೆಳಗಿನ ಹೆಸರು ಮತ್ತು ಸಂಖ್ಯೆಯ ವಿಷಯ. ಕನ್ನಡ ಬರಹಗಾರ ಹೆಚ್ಚು ಶ್ರಮ ಪಡುವುದೂ ಇಲ್ಲೇ, ತಂತ್ರಾಂಶಗಳು ಕನ್ನಡವನ್ನು ಕಡಿಮೆ ಅರ್ಥ ಮಾಡಿಕೊಂಡಿರುವುದೂ ಇಲ್ಲೇ. ವರ್ಡ್‌ನ 'ರೆಫರೆನ್ಸಸ್' ಪಟ್ಟಿಯ 'ಇನ್ಸರ್ಟ್ ಕ್ಯಾಪ್ಶನ್' ತೆರೆದರೆ ಫಿಗರ್, ಟೇಬಲ್, ಈಕ್ವೇಶನ್ ಎಂಬ ಮೂರು ಲೇಬಲ್ ಸಿದ್ಧ ಇರುತ್ತವೆ. 'ನ್ಯೂ ಲೇಬಲ್' ಒತ್ತಿ 'ಚಿತ್ರ', 'ಕೋಷ್ಟಕ', 'ನಕ್ಷೆ' ಎಂದು ಒಮ್ಮೆ ಸೇರಿಸಿಕೊಳ್ಳಬೇಕು. ಪ್ರತಿ ಲೇಬಲ್‌ಗೂ ತಂತ್ರಾಂಶ ಬೇರೆ ಎಣಿಕೆ ಇಡುತ್ತದೆ. ಒಂದು ಕಡೆ 'ಚಿತ್ರ', ಇನ್ನೊಂದು ಕಡೆ 'ಚಿತ್ರಪಟ' ಎಂದು ಲೇಬಲ್ ಕೊಟ್ಟರೆ ಎರಡಕ್ಕೂ ಒಂದರಿಂದ ಎಣಿಕೆ ಶುರುವಾಗುತ್ತದೆ, ಚಿತ್ರಗಳ ಪಟ್ಟಿಯೂ ಎರಡಾಗಿ ಒಡೆಯುತ್ತದೆ. ಆದ್ದರಿಂದ ಬರವಣಿಗೆ ಶುರು ಮಾಡುವ ಮೊದಲೇ ಲೇಬಲ್‌ಗಳ ಹೆಸರು ನಿರ್ಧಾರವಾಗಿರಬೇಕು. 'ಚಿತ್ರ 3.4' ಎಂದು ಅಧ್ಯಾಯ ಸಂಖ್ಯೆ ಸೇರಿ ಬರಬೇಕಾದರೆ ಅಧ್ಯಾಯದ ಹೆಸರಿಗೆ ಹೆಡಿಂಗ್ ಸ್ಟೈಲ್ ಇರಲೇಬೇಕು ಮತ್ತು ಆ ಹೆಡಿಂಗಿಗೆ ಬಹುಹಂತದ ಸಂಖ್ಯೆ ಜೋಡಿಸಿರಬೇಕು. ಬೋಲ್ಡ್ ಮಾಡಿ ಬಿಟ್ಟ ಅಧ್ಯಾಯದ ಹೆಸರಿನಿಂದ ಯಂತ್ರಕ್ಕೆ ಆ '3' ಸಿಗುವುದಿಲ್ಲ.

ಪಠ್ಯದ ನಡುವೆ ಚಿತ್ರವನ್ನು ಉಲ್ಲೇಖಿಸುವಾಗ 'ಕ್ರಾಸ್ ರೆಫರೆನ್ಸ್' ಬಳಸಿದರೆ ಸಂಖ್ಯೆ ತಾನಾಗಿ ಬದಲಾಗುತ್ತದೆ. ಕಂಟ್ರೋಲ್ ಜೊತೆ ಎ ಒತ್ತಿ ಎಲ್ಲ ಹಿಡಿದು ಎಫ್ 9 ಒತ್ತಿದರೆ ಇಡೀ ಕಡತದ ಸಂಖ್ಯೆಗಳು ಸರಿಹೊಂದುತ್ತವೆ. ಇಲ್ಲಿಯವರೆಗೆ ಸರಿ. ತೊಡಕು ಇರುವುದು ಕನ್ನಡದ ವಾಕ್ಯದಲ್ಲಿ. ಇಂಗ್ಲಿಷಿನಲ್ಲಿ ಲೇಬಲ್ ಮೊದಲು, ಸಂಖ್ಯೆ ಆಮೇಲೆ. ನಾವು 'ಚಿತ್ರ 4ರಲ್ಲಿ' ಎಂದೂ ಬರೆಯುತ್ತೇವೆ, ಆದರೆ ಓಘದಲ್ಲಿ ಬರುವುದು '4ನೇ ಚಿತ್ರದಲ್ಲಿ ಕಾಣುವಂತೆ' ಎಂದು. ವರ್ಡ್‌ನ ಉಲ್ಲೇಖದ ಕಿಟಕಿಯಲ್ಲಿ ಚಿತ್ರಗಳಿಗೆ ಪೂರ್ಣ ಶೀರ್ಷಿಕೆ, ಲೇಬಲ್ ಮತ್ತು ಸಂಖ್ಯೆ, ಶೀರ್ಷಿಕೆಯ ಮಾತು ಎಂಬ ಆಯ್ಕೆಗಳಿವೆ. ಸಂಖ್ಯೆ ಮಾತ್ರ ಕೊಡು ಎಂಬ ಆಯ್ಕೆ ಇಲ್ಲ. ಹಾಗಾಗಿ ವರ್ಡ್‌ನಲ್ಲಿ ಬರೆಯುವವರು ಒಂದೋ 'ಚಿತ್ರ 4ರಲ್ಲಿ' ಎಂಬ ರೂಪಕ್ಕೆ ಒಗ್ಗಿಕೊಳ್ಳಬೇಕು, ಇಲ್ಲವೇ ಕೈಯಾರೆ ಸಂಖ್ಯೆ ಬರೆದು ಅಪಾಯ ತಂದುಕೊಳ್ಳಬೇಕು. ಲಿಬ್ರೆ ಆಫೀಸ್ ಇಲ್ಲಿ ನಮ್ಮ ಕೈ ಹಿಡಿಯುತ್ತದೆ: ಅದರ ಉಲ್ಲೇಖದ ಪಟ್ಟಿಯಲ್ಲಿ 'ನಂಬರಿಂಗ್' ಎಂಬುದನ್ನು ಆರಿಸಿದರೆ ಬರೀ ಸಂಖ್ಯೆ ಬರುತ್ತದೆ, ಮುಂದೆ 'ನೇ ಚಿತ್ರದಲ್ಲಿ' ಎಂದು ನಾವೇ ಬರೆದುಕೊಳ್ಳಬಹುದು. ವಿಭಕ್ತಿ ಪ್ರತ್ಯಯ ಹಚ್ಚುವಾಗ ಒಂದು ಎಚ್ಚರ: ಪ್ರತ್ಯಯವನ್ನು ಬೂದುಬಣ್ಣದ ಆ ಉಲ್ಲೇಖದ ಹೊರಗೆ ಬರೆಯಬೇಕು. ಒಳಗೆ ಬರೆದದ್ದು ಮುಂದಿನ ಎಫ್ 9ಗೆ ಅಳಿಸಿಹೋಗುತ್ತದೆ.

ಪಟ್ಟಿಗಳ ಕ್ರಮಸೂಚಿಯಲ್ಲಿ ಕನ್ನಡಕ್ಕೆ ಆಗಿರುವ ಅನ್ಯಾಯ ಇನ್ನೂ ನೇರವಾದದ್ದು. ವರ್ಡ್ ಕಡತದ ರೂಪ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಕ್ರಮಸಂಖ್ಯೆಗಳ ಪಟ್ಟಿಯಲ್ಲಿ ಹಿಂದಿಯ ಸ್ವರ, ವ್ಯಂಜನ, ಅಂಕಿಗಳಿವೆ, ಥಾಯ್ ಭಾಷೆಯ ಅಕ್ಷರಗಳಿವೆ, ಕನ್ನಡ ಇಲ್ಲ. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಅ), ಆ), ಇ), ಈ) ಎಂದು ಬರುವುದನ್ನು ಮೇಷ್ಟರು ಕೈಯಾರೆ ಬರೆಯುತ್ತಾರೆ, ನಡುವೆ ಒಂದು ಪ್ರಶ್ನೆ ತೆಗೆದರೆ ಉಳಿದದ್ದನ್ನೆಲ್ಲ ತಿದ್ದುತ್ತಾರೆ. ಕನ್ನಡ ಅಂಕಿಗಳ ಪುಟಸಂಖ್ಯೆಯೂ ಇದೇ ಪಟ್ಟಿಯ ಕೊರತೆಯಿಂದ ಸಿಗುವುದಿಲ್ಲ. ಜಾಲಪುಟ ಮತ್ತು ಇ-ಪುಸ್ತಕಗಳ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಮಾತ್ರ ಪಟ್ಟಿಗೆ ಕನ್ನಡ ಅಂಕಿ ಎಂಬ ಸಿದ್ಧ ಆಯ್ಕೆ ಇದೆ. ಒಂದು ಕಡೆ ಆದದ್ದು ಇನ್ನೊಂದು ಕಡೆ ಆಗದಿರಲು ತಾಂತ್ರಿಕ ಅಡ್ಡಿ ಏನೂ ಇಲ್ಲ. ಕೇಳುವ ದನಿ ಬೇಕು, ಅಷ್ಟೇ.

ಲೇಬಲ್ ವಿಷಯದಲ್ಲಿ ಅತ್ಯಂತ ಶುದ್ಧ ಪದ್ಧತಿ ಲೇಟೆಕ್‌ನದು. ಡೊನಾಲ್ಡ್ ಕ್ನೂತ್ 1977ರಲ್ಲಿ ಆರಂಭಿಸಿದ ಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಕಟ್ಟಿದ್ದು ಅದು. ಅಲ್ಲಿ ಚಿತ್ರಕ್ಕೆ ಲೇಖಕ ತನಗೆ ನೆನಪಿರುವ ಒಂದು ಗುಟ್ಟಿನ ಹೆಸರು ಕೊಡುತ್ತಾನೆ, ಉಲ್ಲೇಖಿಸುವಲ್ಲಿ ಆ ಹೆಸರನ್ನೇ ಬರೆಯುತ್ತಾನೆ; ಸಂಖ್ಯೆ ಯಂತ್ರದ ಪಾಲು. ಉಲ್ಲೇಖ ಬರೀ ಸಂಖ್ಯೆಯನ್ನೇ ಕೊಡುವುದರಿಂದ '4ನೇ ಚಿತ್ರದಲ್ಲಿ' ಎಂದು ಸಲೀಸಾಗಿ ಬರೆಯಬಹುದು. ಮೊದಲ ಸಲ ಓಡಿಸಿದಾಗ ಯಂತ್ರ ಸಂಖ್ಯೆಗಳನ್ನು ಪಕ್ಕದ ಕಡತದಲ್ಲಿ ಬರೆದಿಟ್ಟು, ಎರಡನೆಯ ಸಲ ಅದನ್ನು ಓದಿ ತುಂಬುತ್ತದೆ. ಆದ್ದರಿಂದ ಒಮ್ಮೆ ಮಾತ್ರ ಓಡಿಸಿದವರಿಗೆ ಸಂಖ್ಯೆಯ ಜಾಗದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದೆ. ಲೇಬಲ್ ಆಜ್ಞೆ ಕ್ಯಾಪ್ಶನ್ ಆಜ್ಞೆಯ ನಂತರ ಬರಬೇಕು. ಮೊದಲೇ ಬಂದರೆ ಚಿತ್ರದ ಸಂಖ್ಯೆಗೆ ಬದಲು ಆ ಉಪವಿಭಾಗದ ಸಂಖ್ಯೆ ಬಂದು ಕೂರುತ್ತದೆ, ಮತ್ತು ಇದಕ್ಕೆ ಯಂತ್ರ ದೋಷವನ್ನೇನೂ ತೋರಿಸುವುದಿಲ್ಲ. 2004ರಲ್ಲಿ ಜೊನಾಥನ್ ಕ್ಯೂ ಅವರ ಝೀಟೆಕ್ ಎಂಬ ಟೆಕ್ ರೂಪ ಬಂದಂದಿನಿಂದ ಯುನಿಕೋಡ್ ಕನ್ನಡ ಅಲ್ಲಿ ನೇರವಾಗಿ ನಡೆಯುತ್ತದೆ. ಪಾಲಿಗ್ಲಾಸಿಯಾ ಎಂಬ ಪ್ಯಾಕೇಜಿನಲ್ಲಿ ಕನ್ನಡವನ್ನು ಮುಖ್ಯ ಭಾಷೆ ಎಂದು ಸಾರಬಹುದು, ಫಿಗರ್ ಎಂಬುದನ್ನು 'ಚಿತ್ರ' ಎಂದು ಒಂದೇ ಸಾಲಿನಲ್ಲಿ ಬದಲಿಸಬಹುದು. ಸಾಲಿನ ಕೊನೆಯಲ್ಲಿ ಕನ್ನಡ ಪದಗಳನ್ನು ಒಡೆಯುವ ನಿಯಮಗಳನ್ನು ಸಂತೋಷ್ ತೋಟ್ಟಿಂಗಲ್ ಸಿದ್ಧಪಡಿಸಿಕೊಟ್ಟಿದ್ದಾರೆ. ಗಣಿತ, ಭೌತವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರಿಗೆ ನಾನು ಬೇರೆ ದಾರಿ ಸೂಚಿಸುವುದಿಲ್ಲ. ಕತೆ, ಪ್ರಬಂಧ ಬರೆಯುವವರಿಗೆ ಇಷ್ಟು ಕಲಿಕೆಯ ಹೊರೆ ಬೇಡ.

ಹಲವರು ಸೇರಿ ಬರೆಯುವುದಕ್ಕೆ ಗೂಗಲ್ ಡಾಕ್ಸ್ ಒಳ್ಳೆಯದು. ಆದರೆ ಅಲ್ಲಿ ಟೈಟಲ್, ಸಬ್‌ಟೈಟಲ್, ಆರು ಹೆಡಿಂಗ್, ನಾರ್ಮಲ್ ಇಷ್ಟರಲ್ಲೇ ಜೀವನ. 'ವಚನ' ಎಂಬ ಹೊಸ ಸ್ಟೈಲ್ ಹುಟ್ಟಿಸಲಾಗದು. ಕರಡಿಗೆ ಸಾಕು, ಪುಸ್ತಕಕ್ಕೆ ಸಾಲದು.

ಕಾದಂಬರಿಕಾರರಿಗೆ ಸ್ಕ್ರಿವನರ್‌ನಲ್ಲಿ ಲೇಬಲ್ ಎಂಬುದಕ್ಕೆ ಬೇರೆಯೇ ಉಪಯೋಗವಿದೆ. 2007ರಲ್ಲಿ ಕೀತ್ ಬ್ಲೌಂಟ್ ಹೊರತಂದ ಈ ತಂತ್ರಾಂಶದಲ್ಲಿ ಪುಸ್ತಕ ಒಂದೇ ಉದ್ದನೆಯ ಕಡತವಲ್ಲ, ಸಣ್ಣ ಸಣ್ಣ ತುಣುಕುಗಳ ಕಂತೆ. ಪ್ರತಿ ತುಣುಕಿಗೂ ಒಂದು ಲೇಬಲ್, ಒಂದು ಸ್ಟೇಟಸ್ ಕೊಡಬಹುದು. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಲೇಬಲ್ ಎಂಬ ಹೆಸರನ್ನೇ 'ಯಾರ ಕಣ್ಣಿನಿಂದ' ಎಂದು ಬದಲಿಸಿ, ಒಂದೊಂದು ಪಾತ್ರಕ್ಕೆ ಒಂದೊಂದು ಬಣ್ಣ ಕೊಟ್ಟು, ಎಡಗಡೆಯ ಪಟ್ಟಿಯಲ್ಲಿ ಆ ಬಣ್ಣ ಕಾಣುವಂತೆ ಮಾಡಿಕೊಳ್ಳಬಹುದು. ಎಸ್.ಎಲ್. ಭೈರಪ್ಪನವರ 'ಪರ್ವ'ದ ಹಾಗೆ ಹಲವು ಪಾತ್ರಗಳ ಒಳಗಿನಿಂದ ನಡೆಯುವ ಕಾದಂಬರಿಯನ್ನು ಬರೆಯಲು ಹೊರಟವರಿಗೆ ಯಾವ ಪಾತ್ರ ಎಷ್ಟು ಜಾಗ ತಿಂದಿದೆ, ಯಾವುದು ಬಹಳ ಹೊತ್ತಿನಿಂದ ಮೌನವಾಗಿದೆ ಎಂಬುದು ಆ ಬಣ್ಣಗಳ ಸಾಲಿನಲ್ಲೇ ತಿಳಿಯುತ್ತದೆ. ಈ ಲೇಬಲ್ ಬರಹಗಾರನಿಗೆ ಮಾತ್ರ, ಅಚ್ಚಿಗೆ ಹೋಗುವುದಿಲ್ಲ. ಅಚ್ಚಿನ ರೂಪವನ್ನು 'ಕಂಪೈಲ್' ಹಂತದಲ್ಲಿ ಬೇರೆಯಾಗಿ ನಿರ್ಧರಿಸಬೇಕು: ಇದು ಅಧ್ಯಾಯ, ಇದು ದೃಶ್ಯ ಎಂದು ತುಣುಕಿನ ಬಗೆಯನ್ನು ಹೇಳಿ, ಪ್ರತಿ ಬಗೆಗೂ ಒಂದು ವಿನ್ಯಾಸ ಜೋಡಿಸಬೇಕು. ಬರೆಯುವ ಪರದೆಯಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡು ಕಣ್ಣಿಗೆ ಹಿತ ಮಾಡಿಕೊಳ್ಳಬಹುದು, ಅಚ್ಚಿನಲ್ಲಿ ಬೇರೆಯೇ ಇರಬಹುದು. ನೋಟವನ್ನೂ ಸ್ವರೂಪವನ್ನೂ ಬೇರೆ ಮಾಡುವ ಲಾಭ ಇಷ್ಟು ಕಣ್ಣಿಗೆ ಕಟ್ಟುವಂತೆ ಬೇರೆಲ್ಲೂ ಕಾಣುವುದಿಲ್ಲ.

ಪುಟವಿನ್ಯಾಸ ಮಾಡುವವರ ಕಡೆಯಿಂದ ನೋಡೋಣ. ಇನ್‌ಡಿಸೈನ್‌ನಲ್ಲಿ ವರ್ಡ್ ಕಡತವನ್ನು ತರುವಾಗ ಆಮದಿನ ಆಯ್ಕೆಗಳನ್ನು ತೆರೆದರೆ ಲೇಖಕರ ಸ್ಟೈಲ್‌ಗಳನ್ನು ಪುಸ್ತಕದ ಸ್ಟೈಲ್‌ಗಳಿಗೆ ಒಂದಕ್ಕೊಂದು ಜೋಡಿಸಬಹುದು. ಲೇಖಕರು 'ವಚನ' ಎಂದು ಗುರುತಿಸಿದ್ದೆಲ್ಲ ವಿನ್ಯಾಸಕಾರರ 'ವಚನ'ವಾಗಿ ಒಂದೇ ಏಟಿಗೆ ಬಂದು ಕೂರುತ್ತದೆ. ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೆ ಒತ್ತಕ್ಷರಗಳು ಒಡೆದು ಚೆಲ್ಲುತ್ತವೆ. ಆ ಆಯ್ಕೆಯನ್ನೂ ಪ್ಯಾರಾ ಸ್ಟೈಲಿನೊಳಗೇ ಇಟ್ಟುಬಿಡಬಹುದು. ಇದಕ್ಕೆ ಬದಲು ಕೈಯಾರೆ ಬೋಲ್ಡ್ ಮಾಡಿದ ಕಡತ ಬಂದರೆ ವಿನ್ಯಾಸಕಾರರು ಪ್ರತಿ ಪುಟ ಓದಿ ಯಾವುದು ಶೀರ್ಷಿಕೆ, ಯಾವುದು ಒತ್ತಿ ಹೇಳಿದ ಮಾತು ಎಂದು ಊಹಿಸಬೇಕು. ಪ್ರೂಫಿನಲ್ಲಿ ಉಪಶೀರ್ಷಿಕೆ ಪ್ಯಾರಾದೊಳಗೆ ಸೇರಿಹೋಗುವುದು ಆ ಊಹೆ ತಪ್ಪಿದಾಗ.

ಇಷ್ಟೆಲ್ಲ ಯಾರಿಗಾಗಿ ಎಂದರೆ ನನ್ನ ಮನಸ್ಸಿಗೆ ಮೊದಲು ಬರುವುದು ಕಣ್ಣು ಕಾಣದ ಓದುಗರು. ಅವರು ಕಂಪ್ಯೂಟರಿನ ಪಠ್ಯವನ್ನು ಎನ್‌ವಿಡಿಎಯಂಥ ಉಚಿತ ತಂತ್ರಾಂಶದಿಂದ ಕೇಳಿ ಓದುತ್ತಾರೆ; ಇ-ಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ. ಎಚ್ ಕೀಲಿ ಒತ್ತಿದರೆ ಎನ್‌ವಿಡಿಎ ಮುಂದಿನ ಶೀರ್ಷಿಕೆಗೆ ಜಿಗಿಯುತ್ತದೆ. ಆದರೆ ಜಿಗಿಯಲು ಅಲ್ಲಿ ಹೆಡಿಂಗ್ ಇರಬೇಕು. ದಪ್ಪ ಅಕ್ಷರದ ಸಾಲು ಆ ತಂತ್ರಾಂಶಕ್ಕೆ ಶೀರ್ಷಿಕೆಯಲ್ಲ. ಮುನ್ನೂರು ಪುಟದ ಪ್ರಬಂಧದ ಐದನೆಯ ಅಧ್ಯಾಯ ಬೇಕಾದ ಅಂಧ ವಿದ್ಯಾರ್ಥಿ ಮೊದಲಿನಿಂದ ಕೇಳುತ್ತ ಬರಬೇಕಾಗುತ್ತದೆ. ಹಳೆಯ ಫಾಂಟಿನ ಪಿಡಿಎಫ್ ಆದರೆ ಅವರಿಗೆ ಕೇಳಿಸುವುದು ಕನ್ನಡವೇ ಅಲ್ಲ. ಯುಜಿಸಿಯ ನಿಯಮದಂತೆ ಪಿಎಚ್‌ಡಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು, ಅಲ್ಲಿಂದ ಶೋಧಗಂಗಾ ಜಾಲತಾಣದಲ್ಲಿ ಎಲ್ಲರಿಗೂ ತೆರೆಯುತ್ತದೆ. ವರ್ಷಗಟ್ಟಲೆ ಶ್ರಮಿಸಿ ಬರೆದ ಕನ್ನಡ ಸಂಶೋಧನೆಯೊಳಗೆ ಒಂದು ಊರಿನ ಹೆಸರನ್ನೋ ಒಬ್ಬ ಕವಿಯ ಹೆಸರನ್ನೋ ಹುಡುಕಿದಾಗ ಹಳೆಯ ಫಾಂಟಿನಿಂದಾಗಿ ಸಿಗದಿದ್ದರೆ, ಆ ಪ್ರಬಂಧ ಅಲ್ಲಿದ್ದೂ ಇಲ್ಲದಂತೆಯೇ.

ಒಬ್ಬೊಬ್ಬ ವಿದ್ಯಾರ್ಥಿಯೂ ಇದನ್ನೆಲ್ಲ ತಾನೇ ಕಂಡುಹಿಡಿಯಬೇಕು ಎನ್ನುವುದು ನ್ಯಾಯವಲ್ಲ. ಮಾರ್ಜಿನ್ ಎಷ್ಟು ಅಂಗುಲ, ರಟ್ಟಿನ ಬಣ್ಣ ಯಾವುದು ಎಂದು ವಿವರವಾಗಿ ಹೇಳುವ ನಿಯಮಾವಳಿಗಳು ಒಂದು ಸಿದ್ಧ ಟೆಂಪ್ಲೇಟನ್ನು ಏಕೆ ಕೊಡಬಾರದು? ಯುನಿಕೋಡ್ ಫಾಂಟ್, ಕನ್ನಡಕ್ಕೆ ಸರಿಹೊಂದುವ ಸಾಲಿನ ಅಂತರ, ಮೂರು ಹಂತದ ಶೀರ್ಷಿಕೆ, ಉದ್ಧರಣೆ, ಪದ್ಯ, ಅಡಿಟಿಪ್ಪಣಿ, 'ಚಿತ್ರ' ಮತ್ತು 'ಕೋಷ್ಟಕ' ಲೇಬಲ್, ತಾನಾಗಿ ಮೂಡುವ ಪರಿವಿಡಿ: ಇಷ್ಟಿರುವ ಒಂದು ಕಡತವನ್ನು ಬಲ್ಲವರು ಒಂದು ದಿನ ಕೂತರೆ ಮಾಡಿಬಿಡಬಹುದು. ವರ್ಡ್‌ಗೊಂದು, ಲಿಬ್ರೆ ಆಫೀಸ್‌ಗೊಂದು ಸಾಕು. ಕನ್ನಡ ಅಧ್ಯಯನ ವಿಭಾಗಗಳು, ಅಕಾಡೆಮಿಗಳು, ಪ್ರಕಾಶಕರು ಈ ಕೆಲಸವನ್ನು ಕೈಗೆತ್ತಿಕೊಳ್ಳಬೇಕು. ನೀವು ಸಂಶೋಧಕರಾಗಿದ್ದರೆ ಮೊದಲ ಅಧ್ಯಾಯ ಬರೆಯುವ ಮುನ್ನವೇ ನಿಮ್ಮ ವಿಭಾಗದಲ್ಲಿ ಈ ಟೆಂಪ್ಲೇಟ್ ಕೇಳಿ. ಇಲ್ಲ ಎಂದರೆ ನೀವೇ ಒಂದು ಮಾಡಿ, ನಿಮ್ಮ ನಂತರ ಬರುವವರಿಗೆ ಕೊಟ್ಟು ಹೋಗಿ.